ಕಿತ್ತಳೆ ಹಿಂರೆಕ್ಕೆಯ ಈ ಪತಂಗ ಯಾವುದು? ಸಿಲ್ವರ್ ಓಕ್ ಮರ ಕಡಿಸಬೇಕೇ?

ಹಿರಿಯೂರು ದಾಳಿಂಬೆ

ನಮ್ಮದು ಹಿರಿಯೂರಿನಿಂದ ಎಂಟು ಕಿಲೋಮೀಟರ್ ಒಳಗೆ ಎರಡೂವರೆ ಎಕರೆ ತೋಟ. ಮಾರಿಕಣಿವೆ ಕೋಡಿ ಬಿದ್ದ 2022ರಲ್ಲಿ ಭಗವಾ ದಾಳಿಂಬೆ ಹಾಕಿದೆ. ಗಾಳಿಗೆ ಅಡ್ಡವಾಗಲೆಂದು ಬದುವಿನ ಸುತ್ತ 64 ಸಿಲ್ವರ್ ಓಕ್ ಮರಗಳಿವೆ. ಅವು ದಾಳಿಂಬೆಗಿಂತ ಹಳೆಯವು, ತಂದೆಯ ಕಾಲದವು.

ಮೊನ್ನೆ ರಾತ್ರಿ ಮೋಟಾರ್ ಮನೆಯ ಗೋಡೆಗೆ ತರಗೆಲೆಯೊಂದು ಅಂಟಿಕೊಂಡಂತೆ ಕಾಣಿಸಿತು. ಕೈಯಿಂದ ಒರೆಸಲು ಹೋದೆ. ಎಲೆ ರೆಕ್ಕೆ ಬಿಚ್ಚಿತು! ಒಳಗಿನ ರೆಕ್ಕೆ ಕಡುಕಿತ್ತಳೆ, ನಟ್ಟನಡುವೆ ದುಂಡಗೆ ಒಂದು ಕಪ್ಪು ಬೊಟ್ಟು, ಅಂಚಿಗೆ ಕಪ್ಪು ಪಟ್ಟಿ, ಪಟ್ಟಿಯ ತುದಿಗೆ ಬಿಳಿ ಚುಕ್ಕೆಗಳ ಸಾಲು. ನನ್ನ ಅಂಗೈಯಷ್ಟು ಅಗಲ. ಐವತ್ತು ವರ್ಷ ಇದೇ ಮಣ್ಣಿನಲ್ಲಿ ಓಡಾಡಿದ್ದೇನೆ, ಇಂಥದ್ದನ್ನು ಗಮನವಿಟ್ಟು ನೋಡಿರಲಿಲ್ಲ.

ದಾವಣಗೆರೆಯಲ್ಲಿ ಓದುತ್ತಿರುವ ಮಗಳು ದೀಪಾವಳಿಗೆ ಬಂದಿದ್ದಳು. ಚಿತ್ರ ತೆಗೆದು ಮೊಬೈಲಿನ ಆ್ಯಪ್‌ಗೆ ಹಾಕಿದಳು. ‘ಇಲಿಯಾ ಅಂಡರ್‌ವಿಂಗ್’ ಎಂದು ಹೆಸರು ಬಂತು, ಇದರ ಹುಳು ಓಕ್ ಮರದ ಎಲೆ ತಿನ್ನುತ್ತದೆ ಎಂದೂ ಬಂತು. ಅಷ್ಟು ಕೇಳಿದ್ದೇ ತಡ, ಪಕ್ಕದ ತೋಟದವರು ತೀರ್ಪು ಕೊಟ್ಟುಬಿಟ್ಟರು: ‘ನಿನ್ನ ಓಕ್ ಮರಗಳೇ ಈ ಪೀಡೆಯ ತವರುಮನೆ, ಮೊದಲು ಅವನ್ನು ಕಡಿಸು.’

ಅವರ ಮಾತನ್ನು ತೆಗೆದುಹಾಕುವಂತೆಯೂ ಇಲ್ಲ. ಕಾಯಿ ಬಣ್ಣ ತಿರುಗುವ ಈ ಹೊತ್ತಿನಲ್ಲಿ ದಿನಕ್ಕೆ ಹತ್ತು ಹದಿನೈದು ಹಣ್ಣು ಉದುರುತ್ತಿವೆ. ಅಂಗಮಾರಿ ಎಂದು ಹೆದರಿದ್ದೆ. ಆದರೆ ಸಿಪ್ಪೆಯ ಮೇಲೆ ಎಣ್ಣೆ ಕಲೆಯಿಲ್ಲ, ಬಿರುಕಿಲ್ಲ, ಸಣ್ಣ ತೂತು ಮಾತ್ರ ಇದೆ. ಸೋಮವಾರ ಗರಗಸದವರು ಬರುತ್ತಾರೆ. ತಿಳಿದವರು ಅದರೊಳಗೆ ಹೇಳಿ. ಎರಡು ಚಿತ್ರ ಹಾಕಿದ್ದೇನೆ.

ಜೋಗಿಮಟ್ಟಿ ಹಾದಿ

ಯಜಮಾನರೇ, ಮೊದಲು ಗರಗಸದವರಿಗೆ ಫೋನ್ ಮಾಡಿ ಬರಬೇಡಿ ಎನ್ನಿ. ಉಳಿದದ್ದು ಆಮೇಲೆ ಓದಿ.

ಸಿಲ್ವರ್ ಓಕ್ ಓಕ್ ಅಲ್ಲ. ಆಸ್ಟ್ರೇಲಿಯಾದ ಮರ ಅದು, ಕುಟುಂಬವೇ ಬೇರೆ. ಕೊಯ್ದಾಗ ಹಲಗೆಯ ಮೇಲೆ ಕಾಣುವ ಗೆರೆ ಓಕ್ ಹಲಗೆಯಂತಿರುತ್ತದೆ ಎಂದು ಆ ಹೆಸರು ಬಿತ್ತು. ನಿಜವಾದ ಓಕ್ ಮರದ ಕಾಯಿ ಬಟ್ಟಲಲ್ಲಿ ಕೂತ ಗೋಲಿಯಂತಿರುತ್ತದೆ. ನಿಮ್ಮ ಮರದಲ್ಲಿ ಅಂಥದ್ದನ್ನು ಎಂದಾದರೂ ನೋಡಿದ್ದೀರಾ? ಓಕ್ ಬೇಕೆಂದರೆ ಹಿಮಾಲಯಕ್ಕೋ ಈಶಾನ್ಯದ ಬೆಟ್ಟಗಳಿಗೋ ಹೋಗಬೇಕು. ನಮ್ಮ ಜೋಗಿಮಟ್ಟಿಯಲ್ಲಿ ದಿಂಡಿಗ, ಮತ್ತಿ, ಕಮರ ಸಿಗುತ್ತವೆ, ಓಕ್ ಸಿಗುವುದಿಲ್ಲ.

ಇನ್ನು ಪತಂಗ. ಆ್ಯಪ್ ಹೇಳಿದ್ದು ಕ್ಯಾಟೊಕಾಲಾ ಕುಲದ ಇಲಿಯಾವನ್ನು. ಅದು ಉತ್ತರ ಅಮೆರಿಕದ್ದು. ಅದರ ಹಿಂದಿನ ರೆಕ್ಕೆಯಲ್ಲಿ ಕಪ್ಪು ಪಟ್ಟಿಗಳು ಕಿತ್ತಳೆಯ ನಡುವೆ ಬಾಗಿ ಅಡ್ಡಹಾಯುತ್ತವೆ. ನಿಮ್ಮ ಎರಡನೇ ಚಿತ್ರದಲ್ಲಿ ನಡುವಿನ ಪಟ್ಟಿಯೇ ಇಲ್ಲ, ಆ ಜಾಗದಲ್ಲಿ ಒಂಟಿ ಬೊಟ್ಟಿದೆ. ಬೊಟ್ಟು ದುಂಡಗಿದ್ದರೆ ಯೂಡೊಸಿಮಾ ಮೆಟರ್ನಾ. ಅದೇ ಬೊಟ್ಟು ಅಲ್ಪವಿರಾಮದಂತೆ ಬಾಗಿದ್ದರೆ ಅದರ ದಾಯಾದಿ ಯೂಡೊಸಿಮಾ ಫಲೋನಿಯಾ. ನಿಮ್ಮದು ಮೆಟರ್ನಾ, ಅನುಮಾನವಿಲ್ಲ. ಲಿನೇಯಸ್ 1767ರಲ್ಲೇ ಹೆಸರಿಟ್ಟ ಪತಂಗ ಇದು. ಮಗಳ ಮೊಬೈಲಿನಲ್ಲಿ ಸ್ಥಳ ತೋರಿಸುವ ಸೌಲಭ್ಯ ಬಂದ್ ಆಗಿತ್ತೇ, ಕೇಳಿ ನೋಡಿ; ಊರು ಯಾವುದೆಂದು ತಿಳಿಯದೆ ಆ್ಯಪ್ ಅಮೆರಿಕದ ಹೆಸರು ಕೊಟ್ಟಿರಬಹುದು.

ಕೃಷಿಕರು ಇದನ್ನು ಹಣ್ಣಿನ ರಸ ಹೀರುವ ಪತಂಗ ಎನ್ನುತ್ತಾರೆ. ಸಾಮಾನ್ಯವಾಗಿ ಬೆಳೆ ತಿನ್ನುವುದು ಹುಳು, ಪತಂಗವಲ್ಲ. ಇಲ್ಲಿ ತಿರುಗುಮುರುಗು: ಹುಳು ನಿಮ್ಮ ದಾಳಿಂಬೆಯನ್ನು ಮೂಸಿಯೂ ನೋಡುವುದಿಲ್ಲ, ಪತಂಗವೇ ಕಳ್ಳ. ಉಳಿದ ಪತಂಗಗಳ ಸೊಂಡಿಲು ಮೆತ್ತಗಿರುತ್ತದೆ, ಹೂವಿನ ರಸಕ್ಕೆ ಸಾಕಾಗುವಷ್ಟು. ಇದರದು ಗಟ್ಟಿ, ತುದಿಯಲ್ಲಿ ಮುಳ್ಳುಗಳಿರುತ್ತವೆ, ದಾಳಿಂಬೆ ಸಿಪ್ಪೆಯನ್ನೇ ಚುಚ್ಚುತ್ತದೆ. ಅದು ಕುಡಿಯುವ ರಸ ಎಷ್ಟು ಮಹಾ! ಆದರೆ ಆ ತೂತಿನಿಂದ ಶಿಲೀಂಧ್ರ, ಬ್ಯಾಕ್ಟೀರಿಯಾ ಒಳಹೊಕ್ಕು ಹಣ್ಣು ಕೊಳೆತು ಬೀಳುತ್ತದೆ.

ಎರಡು ಪ್ರಶ್ನೆ. ತೂತು ಗುಂಡುಸೂಜಿಯ ಮೊನೆಯಷ್ಟೇ ಇದ್ದು, ಸುತ್ತ ಮೆತ್ತಗಾಗಿ, ಒತ್ತಿದರೆ ರಸ ಜಿನುಗುತ್ತದೆಯೇ? ತೂತು ದೊಡ್ಡದಾಗಿದ್ದು ಬಾಯಲ್ಲಿ ಹಿಕ್ಕೆ ಇದ್ದು ನಾತ ಹೊಡೆಯುತ್ತಿದ್ದರೆ ಅದು ಕಾಯಿಕೊರಕ, ಬೇರೆಯೇ ಕಥೆ. ಎರಡನೆಯದು, ಮನೆಯ ಹತ್ತಿರ ಅಮೃತಬಳ್ಳಿ ಇದೆಯೇ?

ಬೇತೂರು ರಸ್ತೆಯಿಂದ ವರ್ಜೀನಿಯಾಕ್ಕೆ

ಆ್ಯಪ್ ಹೇಳಿದ ನಿಜವಾದ ಇಲಿಯಾವನ್ನು ನೋಡಿರುವವನು ಈ ಚರ್ಚೆಯಲ್ಲಿ ನಾನೊಬ್ಬನೇ ಇರಬೇಕು, ಅದಕ್ಕೆ ಬರೆಯುತ್ತಿದ್ದೇನೆ. ದಾವಣಗೆರೆಯವನು, ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಮನೆಯ ಹಿಂದೆ ಓಕ್ ಕಾಡಿದೆ.

ಜುಲೈ, ಆಗಸ್ಟ್ ಸೆಕೆಯ ರಾತ್ರಿಗಳಲ್ಲಿ ಇವು ಸಿಗುತ್ತವೆ. ಸುಮ್ಮನೆ ಹುಡುಕಿದರೆ ಸಿಗುವುದಿಲ್ಲ, ಆಮಿಷ ಒಡ್ಡಬೇಕು. ಹಳಸಿದ ಬಿಯರ್, ಕೊಳೆತ ಬಾಳೆಹಣ್ಣು, ಕಂದು ಸಕ್ಕರೆ ಕಲಸಿ ಕತ್ತಲಾಗುವ ಹೊತ್ತಿಗೆ ಮರದ ಕಾಂಡಕ್ಕೆ ಬಳಿಯುತ್ತಾರೆ. ನಾನು ಇಂಡಿಯನ್ ಅಂಗಡಿಯ ಬೆಲ್ಲ ಹಾಕುತ್ತೇನೆ, ಅದಕ್ಕೇ ಹೆಚ್ಚು ಬರುತ್ತವೆ ಎಂದು ನನ್ನ ನಂಬಿಕೆ, ಹೆಂಡತಿ ಒಪ್ಪುವುದಿಲ್ಲ. ಹಗಲು ಅದೇ ಮರದ ಮುಂದೆ ನಿಂತರೂ ಕಾಣುವುದಿಲ್ಲ. ಮುಂದಿನ ರೆಕ್ಕೆ ತೊಗಟೆಯ ಪಡಿಯಚ್ಚು. ಹಕ್ಕಿ ಕುಕ್ಕಲು ಬಂದರೆ ಫಕ್ಕನೆ ಕಿತ್ತಳೆ ತೋರಿಸುತ್ತದೆ, ಹಕ್ಕಿ ಬೆಚ್ಚಿ ಹಿಂಜರಿಯುವಷ್ಟರಲ್ಲಿ ಇನ್ನೊಂದು ಮರಕ್ಕೆ ಹಾರಿ ಮತ್ತೆ ತೊಗಟೆಯಾಗಿಬಿಡುತ್ತದೆ.

ಮೊಟ್ಟೆ ತೊಗಟೆಯ ಸಂದಿನಲ್ಲಿ ಇಡೀ ಚಳಿಗಾಲ ಹಿಮದ ನಡುವೆ ಕೂತಿರುತ್ತದೆ. ವಸಂತದಲ್ಲಿ ಓಕ್ ಚಿಗುರುವ ಹೊತ್ತಿಗೆ ಒಡೆಯುತ್ತದೆ. ಹುಳುವಿನ ಮೈಯ ಎರಡೂ ಬದಿಗೆ ಸೀರೆಯ ಕುಚ್ಚಿನಂಥ ಎಳೆಗಳಿರುತ್ತವೆ; ತೊಗಟೆಗೆ ಒತ್ತಿ ಮಲಗಿದರೆ ನೆರಳೇ ಬೀಳುವುದಿಲ್ಲ. ವರ್ಷಕ್ಕೆ ಒಂದೇ ತಲೆಮಾರು. ಹಿಮವೂ ಇಲ್ಲದ, ಓಕ್ ಚಿಗುರೂ ಇಲ್ಲದ ಹಿರಿಯೂರಿನಲ್ಲಿ ಅದು ಏನು ಮಾಡೀತು!

ಹೆಸರಿನದೊಂದು ತಮಾಷೆ. ಗ್ರೀಕಿನಲ್ಲಿ ಕ್ಯಾಟೊಕಾಲಾ ಎಂದರೆ ‘ಕೆಳಗೆ ಚೆಂದ’ ಎಂಬಂತೆ. ಈ ಕುಲದಲ್ಲಿ ಹಲವಕ್ಕೆ ಮದುವೆ ಮನೆಯ ಹೆಸರುಗಳು: ಯುರೋಪಿನ ಓಕ್ ಕಾಡಿನಲ್ಲಿರುವ ಸ್ಪಾನ್ಸಾ, ಪ್ರಾಮಿಸಾ ಎರಡೂ ವಾಗ್ದಾನವಾದ ಹುಡುಗಿಯರು, ನಪ್ಟಾ ಮದುವಣಗಿತ್ತಿ, ವಿಡುವಾ ವಿಧವೆ.

ಗ್ರಂಧಿಗೆ ಅಂಗಡಿ, ಚಳ್ಳಕೆರೆ

ಮೇಷ್ಟ್ರು ನಮ್ಮ ಕಡೆ ಓಕ್ ಇಲ್ಲ ಎಂದಿದ್ದಾರೆ. ಮರ ಇಲ್ಲದಿರಬಹುದು ಸ್ವಾಮಿ, ಓಕ್ ಮಾತ್ರ ಬಾಣಂತನದ ಎಲ್ಲ ಮನೆಗೂ ಬಂದಿದೆ. ಕೂಸಿಗೆ ಬಜೆಯ ಜೊತೆ ತೇಯುವ ಮಾಚಿಕಾಯಿ ಇದೆಯಲ್ಲ, ಅದು ಕಾಯಿಯೇ ಅಲ್ಲ. ಇರಾನ್, ಟರ್ಕಿ ಕಡೆಯ ಓಕ್ ಗಿಡದ ಎಳೆಯ ಕೊಂಬೆಯಲ್ಲಿ ಸಣ್ಣದೊಂದು ಕಣಜ ಮೊಟ್ಟೆಯಿಟ್ಟಾಗ ಆ ಜಾಗ ಊದಿಕೊಂಡು ಆಗುವ ಗಂಟು. ಕೆಲವು ಗಂಟುಗಳಲ್ಲಿ ತೂತು ಇರುತ್ತದೆ, ಕಣಜ ಹೊರಬಿದ್ದ ದಾರಿ. ಗಿರಾಕಿಗಳು ಹುಳುಕು ಹಿಡಿದಿದೆ ಎಂದು ಜಗಳಕ್ಕೆ ಬರುತ್ತಾರೆ. ಮೂವತ್ತು ವರ್ಷದಿಂದ ಇದನ್ನೇ ವಿವರಿಸುತ್ತಿದ್ದೇನೆ.

ಹಿರಿಯೂರು ದಾಳಿಂಬೆ

ಮೇಷ್ಟ್ರೇ, ಮೊಬೈಲಿನಲ್ಲಿ ಸ್ಥಳ ತೋರಿಸುವುದು ಬಂದ್ ಆಗಿಯೇ ಇತ್ತು. ಬ್ಯಾಟರಿ ಉಳಿಸಲಂತೆ.

ತೂತು ಗುಂಡುಸೂಜಿಯಷ್ಟೇ. ಒತ್ತಿದರೆ ರಸ ಬರುತ್ತದೆ, ಹಿಕ್ಕೆಯಿಲ್ಲ. ಅಮೃತಬಳ್ಳಿ ಇದೆಯೇ ಎಂದು ಕೇಳಿದಿರಿ. ಬೇವಿನ ಮರವೇ ಕಾಣದಷ್ಟಿದೆ. ಕೊರೊನಾ ವರ್ಷದಲ್ಲಿ ಕಷಾಯಕ್ಕೆಂದು ಅವ್ವ ಒಂದು ತುಂಡು ಊರಿದ್ದಳು. ಕೊರೊನಾ ಹೋಯಿತು, ಬಳ್ಳಿ ಮಾತ್ರ ಹೋಗಲಿಲ್ಲ.

ನಿನ್ನೆ ಸಂಜೆ ಏಳೂವರೆಗೆ ಟಾರ್ಚ್ ಹಿಡಿದು ತೋಟಕ್ಕಿಳಿದೆ. ಮೂರನೇ ಸಾಲಿನಲ್ಲಿ ಎರಡು ಕೆಂಡದ ಕಿಡಿ ಹೊಳೆದವು. ಅದರ ಕಣ್ಣು! ಹತ್ತಿರ ಹೋದರೂ ಕದಲಲಿಲ್ಲ. ಹಣ್ಣಿನ ಮೇಲೆ ಕಾಲೂರಿ, ಸೊಂಡಿಲನ್ನು ಬುಡದವರೆಗೆ ಇಳಿಸಿ, ಬೈರಿಗೆ ತಿರುಗಿಸುವವನಂತೆ ತಲೆಯನ್ನು ಅತ್ತಿತ್ತ ಆಡಿಸುತ್ತಿತ್ತು. ಅಷ್ಟು ತನ್ಮಯವಾಗಿ ಕೆಲಸ ಮಾಡುವ ಆಳು ನನಗೆ ಸಿಕ್ಕಿಲ್ಲ. ಒಂಬತ್ತು ಗಂಟೆಯೊಳಗೆ ನಾನೂ ಮಗಳೂ 17 ಹಿಡಿದೆವು.

ಔಷಧಿ ಹೊಡೆದರೆ ಹೇಗೆ? ಬಳ್ಳಿ ಕಿತ್ತುಹಾಕಲೇ?

ಜೋಗಿಮಟ್ಟಿ ಹಾದಿ

ಔಷಧಿಯಿಂದ ಹೆಚ್ಚು ಉಪಯೋಗವಿಲ್ಲ. ಅದು ಹೊರಗಿನಿಂದ ರಾತ್ರಿ ಹಾರಿ ಬಂದು ಸಿಪ್ಪೆಯೊಳಗಿನ ರಸ ಕುಡಿದು ಹೋಗುವ ಪ್ರಾಣಿ, ಮೇಲೆ ಸಿಂಪಡಿಸಿದ್ದು ಅದಕ್ಕೆ ತಟ್ಟುವುದು ಕಡಿಮೆ. ಕೊಯ್ಲು ಹತ್ತಿರವಿರುವಾಗ ವಿಷ ಹಾಕುವುದೂ ಸರಿಯಲ್ಲ. ಬಣ್ಣ ತಿರುಗಿದ ಹಣ್ಣಿಗೆ ಕಾಗದದ ಚೀಲ ಕಟ್ಟಿ. ಕೂಲಿ ಖರ್ಚು ಬರುತ್ತದೆ, ಗೊತ್ತು, ಆದರೆ ಅದೇ ಭರವಸೆಯ ದಾರಿ. ಉದುರಿದ ಹಣ್ಣನ್ನು ಬದುವಿಗೆ ಎಸೆಯಬೇಡಿ, ಆ ವಾಸನೆಗೇ ಇನ್ನಷ್ಟು ಬರುತ್ತವೆ. ಗುಂಡಿ ತೋಡಿ ಹೂಳಿ. ಸಂಜೆ ತೋಟದಲ್ಲಿ ಹೊಗೆ ಹಾಕುವುದು ಹಳೆಯ ಪದ್ಧತಿ, ಸ್ವಲ್ಪ ಗುಣ ಕಾಣುತ್ತದೆ. ನಿನ್ನೆ ಮಾಡಿದಂತೆ ಟಾರ್ಚ್ ಹಿಡಿದು ಹಿಡಿಯುವುದನ್ನೂ ಬಿಡಬೇಡಿ.

ಬಳ್ಳಿಯ ವಿಷಯ ಅವ್ವನನ್ನು ಕೇಳಿ ತೀರ್ಮಾನಿಸಿ. ಅದರ ಹುಳು ತಿನ್ನುವುದು ಅಮೃತಬಳ್ಳಿಯನ್ನೂ ಬೇಲಿಯ ದಾಗಡಿ ಬಳ್ಳಿಯಂಥ ಅದರ ನೆಂಟರನ್ನೂ. ನಿಮ್ಮ ಒಂದು ಬಳ್ಳಿ ಕಿತ್ತರೆ ಸುತ್ತಲಿನ ಬೇಲಿಗಳು ಇದ್ದೇ ಇವೆ. ಎಲೆ ತಿರುವಿ ನೋಡಿ: ಕಡುಬಣ್ಣದ ಹುಳು, ಪಕ್ಕದಲ್ಲಿ ಕಣ್ಣಿನಂಥ ಎರಡು ದುಂಡು ಗುರುತು, ಮುಟ್ಟಿದರೆ ತಲೆ ಮಡಚಿ ಬಾಲ ಎತ್ತುತ್ತದೆ. ಆರಿಸಿ ತೆಗೆದರೆ ಸಾಕು.

ಹಿರಿಯೂರು ದಾಳಿಂಬೆ

ಫೋನ್ ಮಾಡಿದ್ದರೂ ಗರಗಸದವರು ಬಂದೇ ಬಿಟ್ಟರು. ಒಣಗಿದ ಜಾಲಿಯೊಂದನ್ನು ಕಡಿಸಿ, ಚಹಾ ಕೊಟ್ಟು ಕಳಿಸಿದೆ. ಪಕ್ಕದ ತೋಟದವರಿಗೆ ಸಿಲ್ವರ್ ಓಕ್ ಓಕ್ ಅಲ್ಲ ಎಂದೆ. ‘ಹಾಗಾದರೆ ಓಕ್ ಎಂದು ಏಕೆ ಕರೆಯುತ್ತಾರೆ?’ ಎಂದು ನನ್ನನ್ನೇ ಗದರಿದರು.

ಬಳ್ಳಿ ಕೀಳುವ ಮಾತೆತ್ತಿದ್ದಕ್ಕೆ ಅವ್ವ ಅರ್ಧ ದಿನ ಮಾತು ಬಿಟ್ಟಿದ್ದಳು. ಆಮೇಲೆ ತಾನೇ ಎಲೆ ತಿರುವಿ ಐದು ಹುಳು ತೆಗೆದುಕೊಟ್ಟಳು. ನಾಲ್ಕನ್ನು ಕೋಳಿಗೆ ಹಾಕಿದಳು. ಐದನೆಯದನ್ನು ಮಗಳು ಡಬ್ಬಿಯಲ್ಲಿ ಎಲೆ ಹಾಕಿ ಇಟ್ಟುಕೊಂಡಿದ್ದಳು. ಇವತ್ತು ಬೆಳಿಗ್ಗೆ ನೋಡಿದರೆ ಎರಡು ಎಲೆಗಳನ್ನು ನೂಲಿನಿಂದ ಸೇರಿಸಿಕೊಂಡು ಒಳಗೆ ಮಲಗಿಬಿಟ್ಟಿದೆ. ಹೊರಬಂದ ದಿನ ಚಿತ್ರ ಹಾಕುತ್ತೇನೆ.