ಪಂಚಾಯಿತಿವರೆಗೆ ಬಂದ ಫೈಬರ್ ಮಜರೆಗೆ ತಲುಪಬೇಕಾದರೆ: ಈ ವಾರದ ಪ್ರಶ್ನೋತ್ತರ

ಪ್ರಶ್ನೆ (ಹೊಸನಗರ ಕಡೆಯ ಸದಸ್ಯರು): ನಮ್ಮದು 14 ಮನೆಗಳ ಮಜರೆ. ಪಂಚಾಯಿತಿ ಕಚೇರಿವರೆಗೆ ಫೈಬರ್ ಬಂದು ನಿಂತಿದೆ. ಅಲ್ಲಿಂದ ನಮ್ಮಲ್ಲಿಗೆ ರಸ್ತೆಗುಂಟ 2.3 ಕಿ.ಮೀ. ಎಕ್ಸ್‌ಚೇಂಜಿನಿಂದ ಪಂಚಾಯಿತಿಗೆ 9 ಕಿ.ಮೀ. ಕೇಬಲ್ ಎಳೆಯುವವರು "ಅಷ್ಟು ದೂರಕ್ಕೆ ಪವರ್ ಸಾಲಲ್ಲ" ಅಂತಾರೆ. ಹೌದಾ? ಸಾಮಾನು ಎಷ್ಟು ಬೇಕು?

ಉತ್ತರ (ಫೈಬರ್ ಎಂಜಿನಿಯರ್): ಪವರ್ ಸಾಲುತ್ತದೆ. ಬೆಳಕನ್ನು ಹೆಚ್ಚು ತಿನ್ನುವುದು ದೂರ ಅಲ್ಲ, ಒಂದು ಎಳೆಯ ಬೆಳಕನ್ನು ಹಲವು ಎಳೆಗೆ ಹಂಚುವ ಸ್ಪ್ಲಿಟರ್. ಕೂಡಿಸಿ ನೋಡಿ.

ಎಕ್ಸ್‌ಚೇಂಜಿನಲ್ಲಿ ಬೆಳಕು ಕಳಿಸುವ ಯಂತ್ರ ಓಎಲ್‌ಟಿ. ಅದರಿಂದ ಹೊರಡುವ ಬೆಳಕು +4 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ, ನಷ್ಟವನ್ನು ಡಿಬಿಯಲ್ಲಿ ಎಣಿಸಿ ಇದರಿಂದ ಕಳೆಯಬೇಕು) ಅಂತಿಟ್ಟುಕೊಳ್ಳಿ. ಒಟ್ಟು ಫೈಬರ್ 11.3 ಕಿ.ಮೀ., ಕಿಲೋಮೀಟರಿಗೆ 0.25 ಡಿಬಿಯಂತೆ 2.8. ಎಂಟು ಸ್ಪ್ಲೈಸ್ (ಎಳೆಗಳ ಬೆಸುಗೆ), ತಲಾ 0.1ರಂತೆ 0.8. ನಾಲ್ಕು ಕನೆಕ್ಟರ್, ತಲಾ 0.4ರಂತೆ 1.6. ಪಂಚಾಯಿತಿಯಲ್ಲಿ ಒಂದಕ್ಕೆ ನಾಲ್ಕರ ಸ್ಪ್ಲಿಟರ್ 7.2, ಮಜರೆಯಲ್ಲಿ ಒಂದಕ್ಕೆ ಎಂಟರದ್ದು 10.5. ಎಲ್ಲ ಸೇರಿ 22.9 ಡಿಬಿ ನಷ್ಟ. ಮನೆಯಲ್ಲಿ ಫೈಬರ್ ಬಂದು ಸೇರುವ ಡಬ್ಬಿ ಓಎನ್‌ಟಿಗೆ ಮೈನಸ್ 18.9 ಡಿಬಿಎಂ ಸಿಗುತ್ತದೆ. ಒಂದೇ ಎಳೆಯನ್ನು ಹಲವು ಮನೆಗೆ ಹಂಚುವ ಈ ವ್ಯವಸ್ಥೆಯಲ್ಲಿ, ಅಂದರೆ ಬಿ-ಪ್ಲಸ್ ದರ್ಜೆಯ ಜಿಪಾನ್‌ನಲ್ಲಿ, ಓಎನ್‌ಟಿ ಮೈನಸ್ 27ರವರೆಗೂ ಕೆಲಸ ಮಾಡಬೇಕು. ಅಂದರೆ 8 ಡಿಬಿ ಉಳಿತಾಯ. ಈ ಲೆಕ್ಕದಲ್ಲಿ ನಿಮ್ಮ 2.3 ಕಿ.ಮೀ. ನುಂಗಿದ್ದು ಬರೀ 0.6 ಡಿಬಿ. "ಪವರ್ ಸಾಲಲ್ಲ" ಅನ್ನುವವರ ಬಳಿ ಪಂಚಾಯಿತಿಯಲ್ಲಿ ಈಗ ಎಷ್ಟು ಡಿಬಿಎಂ ಬರುತ್ತಿದೆ ಅಂತ ಕೇಳಿ. ಮೀಟರ್ 1490 ನ್ಯಾನೋಮೀಟರಿಗೆ ಇಟ್ಟು ಅಳೆಯಬೇಕು. ಸ್ಪ್ಲಿಟರಿಗೆ ಮೊದಲು ಸೊನ್ನೆಯ ಆಸುಪಾಸು ಇರಬೇಕಾದಲ್ಲಿ ಮೈನಸ್ 9 ಬಂದರೆ ತೊಂದರೆ ನಿಮ್ಮ ದಾರಿಯಲ್ಲಿಲ್ಲ, ಮೇಲಿನ 9 ಕಿ.ಮೀ.ಯಲ್ಲಿದೆ.

14 ಮನೆಗೆ ಒಂದಕ್ಕೆ ಹದಿನಾರರ ಒಂದೇ ಡಬ್ಬಿ ಹಾಕುವುದು ಸುಲಭ ಅನ್ನಿಸುತ್ತದೆ, ಆದರೆ ಬೇಡ. ಎಂಟರ ಎರಡು ಡಬ್ಬಿ ಹಾಕಿ, ಕೇರಿಯ ಆ ತುದಿಗೊಂದು ಈ ತುದಿಗೊಂದು. 3 ಡಿಬಿಗೂ ಹೆಚ್ಚು ಉಳಿಯುತ್ತದೆ, ಮನೆಗೆ ಹೋಗುವ ಡ್ರಾಪ್ ಕೇಬಲ್ ಗಿಡ್ಡವಾಗುತ್ತದೆ, ಎರಡು ಪೋರ್ಟ್ ಮುಂದಿನ ಮನೆಗಳಿಗೆ ಮಿಗುತ್ತದೆ. ಪಂಚಾಯಿತಿಯಿಂದ ಎರಡು ಎಳೆ ಬೇಕಾಗುತ್ತದೆ, 6 ಎಳೆಯ ಕೇಬಲ್ ಎಳೆಸಿ. ಎರಡೆಳೆಯ ಕೇಬಲ್ ಕೊಂಡು ಉಳಿಸುವ ದುಡ್ಡು ಮೊದಲ ಎಳೆ ಕೆಟ್ಟ ದಿನವೇ ಹೋಗುತ್ತದೆ.

ಕೇಬಲ್ ಲೆಕ್ಕ: 2.3 ಕಿ.ಮೀ., ಜೋಲಿಗೆ ಶೇಕಡಾ 3, ಪ್ರತಿ 350 ಮೀಟರಿಗೊಂದು 15 ಮೀಟರ್ ಸುರುಳಿ. ಹತ್ತಿರ ಹತ್ತಿರ 2.5 ಕಿ.ಮೀ. ಆಯಿತು. ಈ ಸುರುಳಿ ದಂಡ ಅಂತ ಕತ್ತರಿಸುವವರಿದ್ದಾರೆ. ಮರ ಬಿದ್ದು ಕೇಬಲ್ ತುಂಡಾದಾಗ ಎರಡು ತುದಿ ನೆಲಕ್ಕೆ ತಂದು ಜೋಡಿಸಲು ಅದೊಂದೇ ಆಸರೆ. ಇಲ್ಲದಿದ್ದರೆ ನಡುವೆ ಹೊಸ ತುಂಡು ಸೇರಿಸಿ, ಒಂದು ಜಾಯಿಂಟ್ ಆಗುವಲ್ಲಿ ಎರಡು ಆಗುತ್ತದೆ. 40 ಮೀಟರಿಗೊಂದು ಕಂಬದಂತೆ 59 ಆಸರೆ ಬಿಂದು. ತಿರುವಿನಲ್ಲೂ ರಸ್ತೆ ದಾಟುವಲ್ಲೂ ಕೇಬಲನ್ನು ಬಿಗಿಹಿಡಿದು ನಿಲ್ಲಿಸುವ ಡೆಡ್-ಎಂಡ್ ಕ್ಲ್ಯಾಂಪ್, ನೇರ ಓಟದಲ್ಲಿ ತೂಗು ಕ್ಲ್ಯಾಂಪ್. ಅಡಿಕೆ ಮರಕ್ಕಂತೂ ಕಟ್ಟಲೇಬೇಡಿ. ಗಾಳಿಗೆ ಅದು ಆಡುವ ಆಟಕ್ಕೆ ಕ್ಲ್ಯಾಂಪಿನ ಬಾಯಲ್ಲೇ ಎಳೆ ಸವೆಯುತ್ತದೆ. ವಿದ್ಯುತ್ ಕಂಬ ಬಳಸುವುದಾದರೆ ಆಪರೇಟರ್ ಹೆಸರಿನಲ್ಲಿ ಮೆಸ್ಕಾಂ ಅನುಮತಿ ಇರಬೇಕು.

ಕೇಬಲಿನ ಒಳಗಿನ ಆಧಾರ ಕಡ್ಡಿ ಎಫ್‌ಆರ್‌ಪಿಯದ್ದೇ (ನಾರು ಸೇರಿಸಿ ಗಟ್ಟಿ ಮಾಡಿದ ಪ್ಲಾಸ್ಟಿಕ್) ಆಗಿರಲಿ, ಉಕ್ಕಿನ ತಂತಿ ಬೇಡ. ಮೇ ತಿಂಗಳ ಗುಡುಗಿನಲ್ಲಿ ಆ ತಂತಿಯೇ ಸಿಡಿಲಿಗೆ ಮನೆ ತೋರಿಸುತ್ತದೆ.

ಅದೇ ಸದಸ್ಯರು: ಸಾಮಾನು ನಾವೇ ಕೊಂಡು ನಾವೇ ಜೋಡಿಸಿಕೊಂಡರೆ?

ಉತ್ತರ: ಆಪರೇಟರ್ ಫೈಬರನ್ನು ನೀವು ಮುಟ್ಟುವ ಹಾಗಿಲ್ಲ. ಕೆಲಸ ಅವರ ಸ್ಥಳೀಯ ಪಾಲುದಾರ, ಅಂದರೆ ಊರಿನ ಕೇಬಲ್ ಟಿವಿಯವರೋ ಪಂಚಾಯಿತಿಗೆ ಫೈಬರ್ ತರುವ ಸರ್ಕಾರಿ ಯೋಜನೆ ಭಾರತ್‌ನೆಟ್‌ನ ಉದ್ಯಮಿಯೋ ಮಾಡಬೇಕು. ಕಂಬ, ಗುಂಡಿ, ಆಳಿನ ಖರ್ಚು ಊರವರು ಹೊತ್ತು "14 ಸಂಪರ್ಕ ಖಾತ್ರಿ" ಎಂದು ಬರೆದುಕೊಟ್ಟರೆ ಅವರಿಗೂ ಲೆಕ್ಕ ಕೂಡಿಬರುತ್ತದೆ. ಒಪ್ಪುವ ಮೊದಲು ಕೇಳಬೇಕಾದ್ದು ಎರಡೇ: ಪಂಚಾಯಿತಿಗೆ ಬಂದ ಕೇಬಲ್‌ನಲ್ಲಿ ಖಾಲಿ ಎಳೆ ಇದೆಯಾ, ಎಕ್ಸ್‌ಚೇಂಜಿನ ಪಾನ್ ಪೋರ್ಟಿನಲ್ಲಿ (ಓಎಲ್‌ಟಿಯಿಂದ ನಿಮ್ಮ ಎಳೆ ಹೊರಡುವ ಕಿಂಡಿ) ಜಾಗ ಇದೆಯಾ.

ಪ್ರಶ್ನೆ (ಸಿದ್ದಾಪುರ ಕಡೆಯ ಸದಸ್ಯರು): ಫೈಬರ್ ಹಾಕಿಸಿ ವರ್ಷ ಆಯಿತು. ಬೇಸಿಗೆಯಲ್ಲಿ ಚೆನ್ನಾಗಿತ್ತು, ಮಳೆ ಹಿಡಿದ ಮೇಲೆ ದಿನಕ್ಕೆ ಹತ್ತು ಸಲ ಕಡಿಯುತ್ತದೆ. ಓಎನ್‌ಟಿ ಪುಟದಲ್ಲಿ ಮೈನಸ್ 28 ತೋರಿಸುತ್ತದೆ. ಓಎನ್‌ಟಿ ಬದಲಿಸಬೇಕಾ?

ಉತ್ತರ (ಫೈಬರ್ ಎಂಜಿನಿಯರ್): ಬೇಡ, ಅದು ಇದ್ದುದನ್ನು ಇದ್ದ ಹಾಗೆ ಹೇಳುತ್ತಿದೆ. ಹತ್ತಿರದಿಂದ ದೂರಕ್ಕೆ ಹುಡುಕುತ್ತ ಹೋಗಿ.

ಮೊದಲು ಗೋಡೆಯ ಡಬ್ಬಿ. ಹಸಿರು ಕನೆಕ್ಟರಿನ ಮುಖ 8 ಡಿಗ್ರಿ ಓರೆ, ನೀಲಿಯದ್ದು ನೇರ. ಹಸಿರಿಗೆ ನೀಲಿ ಸೇರಿಸಿದ್ದರೆ ನಡುವೆ ಗಾಳಿ ಉಳಿದು ಮೂರು ನಾಲ್ಕು ಡಿಬಿ ಅಲ್ಲೇ ಹೋಗುತ್ತದೆ. ಮುಖ ಒರೆಸುವುದು 99 ಶೇಕಡಾದ ಐಸೋಪ್ರೊಪೈಲ್ ಆಲ್ಕೊಹಾಲ್ ಮತ್ತು ಎಳೆ ಬಿಡದ ಬಟ್ಟೆಯಿಂದ. ಪಂಚೆಯ ತುದಿಯಿಂದಲ್ಲ.

ನಂತರ ಮೆಕ್ಯಾನಿಕಲ್ ಕನೆಕ್ಟರ್, ಲೈನ್‌ಮನ್‌ಗಳು ಫಾಸ್ಟ್ ಕನೆಕ್ಟರ್ ಅನ್ನುವುದು. ಎರಡು ನಿಮಿಷದಲ್ಲಿ ಕೈಯಲ್ಲೇ ಕೂರಿಸುತ್ತಾರೆ. ಒಳಗೆ ಎರಡು ಎಳೆಗಳ ನಡುವೆ ಒಂದು ಜೆಲ್ ಇರುತ್ತದೆ. ತೇವ, ಬಿಸಿಲು, ಎಳೆತಕ್ಕೆ ಎಳೆ ಕೂದಲೆಳೆಯಷ್ಟು ಸರಿದರೂ 0.5 ಡಿಬಿ ಇದ್ದದ್ದು 3 ಆಗುತ್ತದೆ. ಬೇಸಿಗೆಯಲ್ಲಿ ಸರಿ, ಮಳೆಗಾಲದಲ್ಲಿ ತಪ್ಪು ಅನ್ನುವ ದೂರುಗಳಲ್ಲಿ ನನ್ನ ಮೊದಲ ಅನುಮಾನ ಇದರ ಮೇಲೆ. ಕಿತ್ತು, ಕಾರ್ಖಾನೆಯ ಪಿಗ್‌ಟೇಲನ್ನು (ಕನೆಕ್ಟರ್ ಕೂರಿಸಿಯೇ ಬರುವ ತುಂಡು ಎಳೆ) ಫ್ಯೂಷನ್ ಸ್ಪ್ಲೈಸ್, ಅಂದರೆ ಕರಗಿಸಿ ಬೆಸುಗೆ, ಮಾಡಿಸಿ.

ಮೂರನೆಯದು ಕಂಬದ ಮೇಲಿನ ಜಾಯಿಂಟ್ ಡಬ್ಬಿ. ಕೇಬಲ್ ಒಳಹೋಗುವ ಬಾಯಿ ಕೆಳಮುಖವಾಗಿರಬೇಕು. ಮೇಲ್ಮುಖವಾಗಿ ಕಟ್ಟಿದರೆ ಕೇಬಲ್ ಗುಂಟ ಇಳಿದ ನೀರು ನೇರ ಒಳಕ್ಕೆ, ಬೆನ್ನಿಗೇ ಇರುವೆ ಗೂಡು.

ಇಷ್ಟರಲ್ಲೂ ಸಿಗದಿದ್ದರೆ ಎಳೆಯಲ್ಲಿ ಎಲ್ಲಿ ಎಷ್ಟು ಬೆಳಕು ನಷ್ಟ ಅಂತ ತೋರಿಸುವ ಓಟಿಡಿಆರ್ ಯಂತ್ರ ತರಿಸಿ, ಒಂದೇ ದಾರಿಯನ್ನು 1310 ಮತ್ತು 1550 ನ್ಯಾನೋಮೀಟರ್ ಎರಡರಲ್ಲೂ ನೋಡಲು ಹೇಳಿ. 1550ರಲ್ಲಿ ನಷ್ಟ ಎದ್ದು ಕಂಡು 1310ರಲ್ಲಿ ಕಡಿಮೆ ಇದ್ದರೆ ಅಲ್ಲಿ ಕೇಬಲ್ ಮಡಚಿದೆ, ಕ್ಲ್ಯಾಂಪ್ ಸಡಿಲಿಸಿದರೆ ಸಾಕು. ಎರಡರಲ್ಲೂ ಸಮ ಇದ್ದರೆ ಸ್ಪ್ಲೈಸ್ ಕೆಟ್ಟಿದೆ.

ದೀಪಗಳನ್ನೂ ಓದಲು ಕಲಿಯಿರಿ. ಓಎನ್‌ಟಿಯ ಲಾಸ್ ದೀಪ ಕೆಂಪು ಅಂದರೆ ಬೆಳಕೇ ಬರುತ್ತಿಲ್ಲ. ಪಕ್ಕದ ಮನೆಗಳಲ್ಲೂ ಅದೇ ಹೊತ್ತಿಗೆ ಕೆಂಪಾದರೆ ತಪ್ಪು ಮೇಲಿದೆ, ನಿಮ್ಮದೊಂದೇ ಆದರೆ ನಿಮ್ಮ ಡ್ರಾಪಿನಲ್ಲಿದೆ. ಲಾಸ್ ಆರಿದ್ದು ಪಾನ್ ದೀಪ ಮಾತ್ರ ಮಿಣುಕುತ್ತಿದ್ದರೆ ಬೆಳಕು ಬರುತ್ತಿದೆ, ನೋಂದಣಿ ಆಗುತ್ತಿಲ್ಲ: ಮಟ್ಟ ಕಡಿಮೆ ಇರಬಹುದು, ಇಲ್ಲವೇ ಸೀರಿಯಲ್ ಸಂಖ್ಯೆ ಆ ಕಡೆ ತಪ್ಪಾಗಿ ಬರೆದಿರಬಹುದು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಹಳೇ ಲ್ಯಾಂಡ್‌ಲೈನ್ ಕರೆಂಟ್ ಹೋದರೂ ನಡೆಯುತ್ತಿತ್ತು. ಫೈಬರ್ ಹಾಕಿಸಿದ ಮೇಲೆ ಕರೆಂಟಿನ ಜೊತೆ ಫೋನೂ ಹೋಗುತ್ತದೆ. "10000 ಎಂಎಎಚ್" ಅಂತ ಬರೆದ ಮಿನಿ ಯುಪಿಎಸ್ ಕೊಂಡರೆ ಒಂದು ದಿನ ಬರುತ್ತಾ?

ಉತ್ತರ (ಪವರ್ ವಿಭಾಗ ನೋಡಿಕೊಳ್ಳುವವರು): ತಾಮ್ರದ ಜೋಡಿ ತಂತಿಯಲ್ಲಿ ಎಕ್ಸ್‌ಚೇಂಜಿನಿಂದ 48 ವೋಲ್ಟ್ ಬರುತ್ತಿತ್ತು, ಫೋನಿಗೆ ಬೇರೆ ಕರೆಂಟ್ ಬೇಕಿರಲಿಲ್ಲ. 1986ರಲ್ಲಿ ಕಿತ್ತೂರಿನಲ್ಲಿ ಶುರುವಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜನ್ನು ಏರ್ ಕಂಡಿಷನರ್ ಇಲ್ಲದ ಕೋಣೆಯಲ್ಲೂ ನಡೆಯುವಂತೆ ಮಾಡಿದ್ದರು. ಹಳ್ಳಿಯ ಕರೆಂಟನ್ನು ನಂಬಬಾರದು ಎಂಬುದು ಆಗಿನವರಿಗೆ ಗೊತ್ತಿತ್ತು. ಗಾಜಿನ ಎಳೆಯಲ್ಲಿ ಕರೆಂಟ್ ಬರುವುದಿಲ್ಲ, ನೀವೇ ಕೊಡಬೇಕು.

10000 ಎಂಎಎಚ್ ಅನ್ನುವುದು 3.7 ವೋಲ್ಟ್ ಸೆಲ್ಲಿನ ಲೆಕ್ಕ. 37 ವ್ಯಾಟ್-ಅವರ್. 12 ವೋಲ್ಟಿಗೆ ಏರಿಸುವಾಗ ಸೋರಿ ಕೈಗೆ ಸಿಗುವುದು 31ರಷ್ಟು. ವೈಫೈ ಇರುವ ಓಎನ್‌ಟಿ ಸುಮಾರು 8 ವ್ಯಾಟ್ ತಿನ್ನುತ್ತದೆ. ನಾಲ್ಕು ಗಂಟೆ, ಅಷ್ಟೇ. 12 ವೋಲ್ಟ್ 7 ಎಎಚ್ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಐದು ಗಂಟೆ. 12.8 ವೋಲ್ಟ್ 6 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಆದರೆ ಏಳೂವರೆ ಗಂಟೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ 12 ವೋಲ್ಟ್ ಬ್ಯಾಟರಿಯಿಂದ ನೇರ ಡಿಸಿ ತೆಗೆಯುವುದು ಲಾಭ, ಆದರೆ ಬ್ಯಾಟರಿ ಬುಡದಲ್ಲೇ ಫ್ಯೂಸ್, ನಂತರ 12 ವೋಲ್ಟಿಗೆ ಸ್ಥಿರಗೊಳಿಸುವ ಕನ್ವರ್ಟರ್ ಬೇಕು. ಚಾರ್ಜ್ ಆಗುವಾಗ ಬ್ಯಾಟರಿ 14.4 ವೋಲ್ಟ್ ಮುಟ್ಟುತ್ತದೆ, ನೇರ ಕೊಟ್ಟರೆ ಕೆಲವು ಓಎನ್‌ಟಿ ತಡೆಯುವುದಿಲ್ಲ.

ಸೋಲಾರ್ ಕೇಳುವವರಿಗೆ: ದಿನವಿಡೀ 8 ವ್ಯಾಟ್ ಅಂದರೆ 192 ವ್ಯಾಟ್-ಅವರ್. ಆಷಾಢದ ಮೋಡದಲ್ಲಿ 40 ವ್ಯಾಟ್ ಪ್ಯಾನೆಲ್ ಅದರ ಕಾಲು ಭಾಗವನ್ನೂ ಕೊಡುವುದು ಕಷ್ಟ. ಬೇಕಾದ ನಾಲ್ಕೈದು ಗಂಟೆ ಮಾತ್ರ ಓಡಿಸುವುದು ಜಾಣತನ.

ನಿಮ್ಮ ಬ್ಯಾಟರಿ ನಡೆಯುತ್ತಿದ್ದರೂ ಲಾಸ್ ಕೆಂಪಾದರೆ ಆ ತುದಿಯ ಓಎಲ್‌ಟಿಯ ಬ್ಯಾಟರಿ ಸತ್ತಿದೆ ಅಂತ ತಿಳಿಯಿರಿ. ಅದಕ್ಕೆ ಮನೆಯಲ್ಲಿ ಮದ್ದಿಲ್ಲ, ದೂರಿನಲ್ಲಿ "ಕರೆಂಟ್ ಹೋಗಿ ಇಷ್ಟು ನಿಮಿಷಕ್ಕೆ ಲಾಸ್ ಬಂತು" ಅಂತ ಬರೆಯಿರಿ. "ನೆಟ್ ಇಲ್ಲ" ಅನ್ನುವುದಕ್ಕಿಂತ ಅದಕ್ಕೆ ತೂಕ ಹೆಚ್ಚು.

ಸಿಡಿಲಿಗೆ ಸುಡುವುದು ಫೈಬರ್ ಕಡೆಯಿಂದಲ್ಲ. ಅಡಾಪ್ಟರ್ ಕಡೆಯಿಂದ, ಟಿವಿಗೆ ಎಳೆದ ಲ್ಯಾನ್ ತಂತಿಯ ಕಡೆಯಿಂದ. ಗುಡುಗಿದಾಗ ಎರಡನ್ನೂ ಕೀಳಿ, ಫೈಬರ್ ಇರಲಿ.

ಪ್ರಶ್ನೆ (ಯಲ್ಲಾಪುರ ಕಡೆಯ ಸದಸ್ಯರು): ನಮಗೂ ಫೈಬರ್ ಇರುವ ಊರಿಗೂ ನಡುವೆ ಕೊಳ್ಳ. ಎದುರುಬದುರು 2 ಕಿ.ಮೀ., ರಸ್ತೆಯಲ್ಲಿ 11. ನಡುವೆ ಕಾಡು. ವೈರ್‌ಲೆಸ್ ಆಗುತ್ತಾ? ಮಳೆಗೆ ನಿಲ್ಲುತ್ತಾ?

ಉತ್ತರ (ರೇಡಿಯೋ ಎಂಜಿನಿಯರ್): ಆಗುತ್ತದೆ. 5.8 ಗಿಗಾಹರ್ಟ್ಸ್ ಪಟ್ಟಿ 2018ರ ಅಧಿಸೂಚನೆಯಿಂದ ಪರವಾನಗಿ ಇಲ್ಲದೆ, ಶಕ್ತಿಯ ಮಿತಿಯೊಳಗೆ ಬಳಸಲು ಮುಕ್ತ. ಉಪಕರಣಕ್ಕೆ ಇಟಿಎ, ಅಂದರೆ ಆ ಮಾದರಿಗೆ ಸರ್ಕಾರದ ಒಪ್ಪಿಗೆಯ, ಪ್ರಮಾಣಪತ್ರ ಇರಬೇಕು. ಹೊರಸೂಸುವ ಒಟ್ಟು ಶಕ್ತಿ 36 ಡಿಬಿಎಂ, 2 ಕಿ.ಮೀ.ಗೆ ನಷ್ಟ 114 ಡಿಬಿ, ಆಚೆ ತುದಿಯಲ್ಲಿ 23 ಡಿಬಿಐ ಡಿಶ್ ಇದ್ದರೆ ಸಿಗಬೇಕಾದ್ದು ಮೈನಸ್ 55. ಡಿಶ್ ತಿರುಗಿಸುವಾಗ ಮೈನಸ್ 72ಕ್ಕೆ ಶಿಖರ ಸಿಕ್ಕಂತೆ ಕಂಡರೆ ಅಲ್ಲಿ ಬೋಲ್ಟ್ ಬಿಗಿಯಬೇಡಿ, ಅದು ಪಕ್ಕದ ಕಿರು ಶಿಖರ. ಇನ್ನೂ ಆಚೀಚೆ ತಿರುಗಿಸಿ ನೋಡಿ.

ಈ ಪಟ್ಟಿಗೆ ಮಳೆಹನಿ ಲೆಕ್ಕಕ್ಕೇ ಇಲ್ಲ. ನಿಲ್ಲಿಸುವುದು ಮಳೆಯಲ್ಲಿ ನೆಂದ ಎಲೆ. "ಆಚೆ ಮನೆ ಕಾಣುತ್ತದೆ" ಅಂದರೆ ಸಾಲದು. 2 ಕಿ.ಮೀ. ದಾರಿಯ ನಡುಮಧ್ಯದಲ್ಲಿ ಫ್ರೆನೆಲ್ ವಲಯದ (ರೇಡಿಯೋ ಅಲೆ ಸಾಗಲು ಗೆರೆಯ ಸುತ್ತ ಬೇಕಾದ ಜಾಗ) ತ್ರಿಜ್ಯ 5 ಮೀಟರ್, ಅದರ ಶೇಕಡಾ 60 ಖಾಲಿ ಇರಬೇಕು. ಕಣ್ಣೋಟದ ಗೆರೆಯಿಂದ ಮೂರು ಮೀಟರ್ ಕೆಳಗೂ ಮರದ ತುದಿ ಇರಬಾರದು. ಜೊತೆಗೆ ಮರ ಬೆಳೆಯುತ್ತದೆ, ಇನ್ನೆರಡು ಮೀಟರ್ ಬಿಡಿ. 60 ಗಿಗಾಹರ್ಟ್ಸ್ ರೇಡಿಯೋ ತೋರಿಸುವ ಅಂಗಡಿಯವರಿಗೆ ಕೈಮುಗಿಯಿರಿ, ಅದನ್ನು ಮಾತ್ರ ನಮ್ಮ ಮಳೆ ನಿಜವಾಗಿ ಮುಳುಗಿಸುತ್ತದೆ.

ಅದೇ ಸದಸ್ಯರು: ಆಚೆ ಊರಿನ ನೆಂಟರ ಸಂಪರ್ಕವನ್ನೇ ತಂದು ನಮ್ಮ ಆರು ಮನೆ ದುಡ್ಡು ಹಂಚಿಕೊಂಡರೆ?

ಉತ್ತರ: ದುಡ್ಡು ಪಡೆದು ಹಂಚಿದರೆ ಮಾರಾಟ, ಅದಕ್ಕೆ ಐಎಸ್‌ಪಿ (ಇಂಟರ್ನೆಟ್ ಸೇವೆ ಕೊಡುವವರ) ಪರವಾನಗಿ ಬೇಕು. ಕಾನೂನಿನ ದಾರಿ ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ಯೋಜನೆ, 2020ರ ಡಿಸೆಂಬರಿನಲ್ಲಿ ಒಪ್ಪಿಗೆಯಾದದ್ದು. ಅದರಲ್ಲಿ ಪಿಡಿಓ (ಪಂಚಾಯಿತಿ ಅಧಿಕಾರಿ ಅಲ್ಲ, ಪಬ್ಲಿಕ್ ಡೇಟಾ ಆಫೀಸ್) ಆಗಿ ವೈಫೈ ಮಾರಲು ಪರವಾನಗಿಯೂ ಬೇಡ, ನೋಂದಣಿಯೂ ಬೇಡ. ಹಲವು ಪಿಡಿಓಗಳನ್ನು ಒಟ್ಟುಗೂಡಿಸಿ ನೋಡಿಕೊಳ್ಳುವ ನೋಂದಾಯಿತ ಅಗ್ರಿಗೇಟರ್ ಒಬ್ಬರ ಜೊತೆ ಸೇರಿಕೊಳ್ಳಬೇಕು, ಅಷ್ಟೆ. ಮೊದಲು ಪಿಡಿಓಗಳಿಗೆ ದುಬಾರಿ ಲೀಸ್ಡ್ ಲೈನ್ ಕೊಳ್ಳಿ ಅನ್ನುತ್ತಿದ್ದರು. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2025ರ ಜೂನಿನ ಆದೇಶದಂತೆ 200 ಎಂಬಿಪಿಎಸ್‌ವರೆಗಿನ ಮನೆ ಯೋಜನೆಗಳಿಗೆ ಪಿಡಿಓಗಳಿಂದ ಮನೆ ಗ್ರಾಹಕರ ದರದ ಎರಡರಷ್ಟಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಸಿಗುವ ಮೊಬೈಲ್ ಬೂಸ್ಟರ್?

ಉತ್ತರ (ರೇಡಿಯೋ ಎಂಜಿನಿಯರ್): ಕೊಳ್ಳಬೇಡಿ. ಖಾಸಗಿಯವರು ಇಟ್ಟುಕೊಳ್ಳುವುದೇ ಅಕ್ರಮ. ಜೊತೆಗೆ ಗದ್ದಲ ಎಬ್ಬಿಸಿ ಇಡೀ ಟವರಿನ ಅಪ್‌ಲಿಂಕ್ ಕೆಡಿಸುತ್ತದೆ. ಹೊರಗೆ ಕೂರಿಸುವ 4ಜಿ ರೂಟರ್ ತನ್ನಿ, ಅದಕ್ಕೆ ಅಡ್ಡಿ ಇಲ್ಲ. ಆಂಟೆನಾ ಮೇಲಿಟ್ಟು ರೂಟರ್ ಕೆಳಗಿಡುವ ತಪ್ಪು ಬೇಡ: ತೆಳು ಆರ್‌ಜಿ-58 ಕೇಬಲ್ 1800 ಮೆಗಾಹರ್ಟ್ಸ್‌ನಲ್ಲಿ 10 ಮೀಟರಿಗೆ ಹತ್ತಿರ ಹತ್ತಿರ 8 ಡಿಬಿ ನುಂಗುತ್ತದೆ, 11 ಡಿಬಿಐ ಆಂಟೆನಾದ ಫಲ ಅಲ್ಲಿಗೇ ಮುಗಿಯಿತು. ರೂಟರನ್ನೇ ಕಂಬದ ತುದಿಗೇರಿಸಿ ಲ್ಯಾನ್ ತಂತಿ ಇಳಿಸಿ. ಆರ್‌ಎಸ್‌ಆರ್‌ಪಿ (ಟವರಿನಿಂದ ಸಿಗುವ ಸಿಗ್ನಲ್ಲಿನ ಮಟ್ಟ) ಮೈನಸ್ 110ರ ಆಚೆ ಇದ್ದದ್ದು ಮೈನಸ್ 95ಕ್ಕೆ ಬಂದರೆ ಗೆದ್ದಂತೆ. ಫೈಬರ್ ಬಂದ ಮನೆಯವರು ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಗುಡ್ಡ ಹತ್ತುವುದು ತಪ್ಪುತ್ತದೆ.

ಪ್ರಶ್ನೆ (ಪಂಚಾಯಿತಿ ಸದಸ್ಯರೊಬ್ಬರು): ಕಾಡಿನೊಳಗೆ ಕಂಬ ನೆಡಲು ಅರಣ್ಯ ಇಲಾಖೆ ಒಪ್ಪುತ್ತಿಲ್ಲ. ದಾರಿ ಇದೆಯಾ?

ಉತ್ತರ (ಅನುಮತಿ ಕೆಲಸ ಬಲ್ಲವರು): 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ತೆರೆದು ನೋಡಿ. ಶಾಲೆ, ಅಂಗನವಾಡಿಗಳ ಜೊತೆ ವಿದ್ಯುತ್ ಮತ್ತು ದೂರಸಂಪರ್ಕ ಮಾರ್ಗವೂ ಆ ಪಟ್ಟಿಯಲ್ಲಿದೆ. ಷರತ್ತು ಮೂರು: ಪ್ರತಿ ಕೆಲಸಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ಅರ್ಜಿಗಳು ಬೀಳುವುದು ಎರಡು ಕಡೆ. ಒಂದು, ಕಲಂ ಹೇಳುವುದು ಸರ್ಕಾರ ನಿರ್ವಹಿಸುವ ಸೌಲಭ್ಯಗಳ ಬಗ್ಗೆ, ಹಾಗಾಗಿ ಖಾಸಗಿ ಕಂಪನಿ ಹೆಸರಲ್ಲಿ ಬರೆದರೆ ನಿಲ್ಲುವುದಿಲ್ಲ, ಭಾರತ್‌ನೆಟ್ ಅಥವಾ ಬಿಎಸ್ಎನ್ಎಲ್ ಮಾರ್ಗವಾಗಿ ಬರೆಯಿರಿ. ಎರಡು, ಪಟ್ಟಿಯಲ್ಲಿರುವುದು ಮಾರ್ಗ, ಗೋಪುರ ಅಲ್ಲ. ಟವರನ್ನೂ ಅದೇ ಅರ್ಜಿಗೆ ಸೇರಿಸಿದರೆ ಮಾರ್ಗವೂ ಅದರ ಜೊತೆ ಕಪಾಟು ಸೇರುತ್ತದೆ. ಗ್ರಾಮಸಭೆ ನಡಾವಳಿಯಲ್ಲಿ ಮಾರ್ಗದ ಉದ್ದ, ಕಂಬದ ಸಂಖ್ಯೆ, ಕಡಿಯಬೇಕಾದ ಮರ ಸೊನ್ನೆ ಅಂತ ಅಂಕಿಗಳಲ್ಲೇ ಬರೆಸಿ, ನಕ್ಷೆ ಲಗತ್ತಿಸಿ ಡಿಎಫ್‌ಓ ಕಚೇರಿಯಲ್ಲಿ ಸ್ವೀಕೃತಿ ಪಡೆಯಿರಿ.