ಬಸುರಿಯಾಗುವ ಮೊದಲೇ ಫೋಲಿಕ್ ಆಸಿಡ್ ಯಾಕೆ?

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಇನ್ನು ಮಗು ಮಾಡಿಕೊಳ್ಳೋಣ ಅಂದುಕೊಂಡಿದ್ದೇವೆ. ಅಕ್ಕ ಈಗಲೇ ಫೋಲಿಕ್ ಆಸಿಡ್ ಶುರು ಮಾಡು ಅನ್ನುತ್ತಾಳೆ. ಅತ್ತೆ, ಬಸುರಿಯಾಗುವ ಮೊದಲೇ ಮಾತ್ರೆ ಯಾಕಮ್ಮಾ, ಉಷ್ಣ ಆಗುತ್ತೆ ಅನ್ನುತ್ತಾರೆ. ವಾರಕ್ಕೆ ನಾಲ್ಕು ದಿನ ಮನೆಯಲ್ಲಿ ಸೊಪ್ಪು ಇದ್ದೇ ಇರುತ್ತದೆ. ಅದು ಸಾಲದಾ?

ಉತ್ತರ (ಸ್ತ್ರೀರೋಗ ತಜ್ಞೆ): ನಿಮ್ಮ ಅಕ್ಕನ ಮಾತು ಕೇಳಿ. ತಡ ಮಾಡಬೇಡಿ.

ಮಗುವಿನ ಮಿದುಳು, ಬೆನ್ನುಹುರಿ ಎರಡೂ ಬೆಳೆಯುವುದು ಒಂದು ಸಣ್ಣ ಕೊಳವೆಯಿಂದ. ಮೊದಲು ಅದು ಚಪ್ಪಟೆಯಾಗಿರುತ್ತದೆ. ಆಮೇಲೆ ಎರಡು ಅಂಚೂ ಮೇಲೆದ್ದು, ಕರ್ಜಿಕಾಯಿ ಮಡಚಿ ಅಂಚು ಒತ್ತುತ್ತೇವಲ್ಲ, ಹಾಗೆ ಕೂಡಿಕೊಳ್ಳುತ್ತವೆ. ಗರ್ಭ ಕಟ್ಟಿದ 28ನೇ ದಿನದ ಹೊತ್ತಿಗೆ ಈ ಕೆಲಸ ಮುಗಿದಿರುತ್ತದೆ. ಅಂದರೆ ಮುಟ್ಟಿನ ದಿನ ದಾಟಿ ಎರಡೇ ವಾರ! ಎರಡು ತಿಂಗಳು ತುಂಬಿದ ಮೇಲೆ ನನ್ನ ಹತ್ತಿರ ಬರುವವರೇ ಜಾಸ್ತಿ. ಆಗ ಮಾತ್ರೆ ಕೊಟ್ಟರೂ ಆ ಕೊಳವೆಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಹೊಸ ಜೀವಕೋಶ ಹುಟ್ಟಲು ಫೋಲೇಟ್, ಅಂದರೆ ಬಿ9 ವಿಟಮಿನ್ ಬೇಕೇ ಬೇಕು. ಮಾತ್ರೆಯಲ್ಲಿರುವ ಫೋಲಿಕ್ ಆಸಿಡ್ ಇದರದೇ ಒಂದು ರೂಪ. ಅದು ಕಡಿಮೆಯಾದರೆ ಅಂಚು ಪೂರ್ತಿ ಕೂಡದೆ ಉಳಿಯುವ ಅಪಾಯ ಹೆಚ್ಚು.

ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಗರ್ಭ ನಿಲ್ಲುವ ಕನಿಷ್ಠ ಒಂದು ತಿಂಗಳ ಮುಂಚಿನಿಂದ, ಮೂರು ತಿಂಗಳು ತುಂಬುವವರೆಗೆ. ಅಂಗಡಿಯಲ್ಲಿ 5 ಮಿಲಿಗ್ರಾಂ ಮಾತ್ರೆಯೂ ಸಿಗುತ್ತದೆ, ಹಾಗಾಗಿ ಸುಮ್ನೆ ಕೇಳಿ ತರಬೇಡಿ, ಪ್ರಮಾಣ ಓದಿ ನೋಡಿ. ಫಿಟ್ಸ್ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಪ್ರಮಾಣ ಬೇರೆ, ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಸೊಪ್ಪು ಖಂಡಿತ ತಿನ್ನಿ. ಆದರೆ ಫೋಲೇಟ್ ಬೇಯುವಾಗ ಒಂದಷ್ಟು ಹಾಳಾಗುತ್ತದೆ, ಒಂದಷ್ಟು ನೀರಿಗೆ ಇಳಿಯುತ್ತದೆ. ಆ ನೀರು ಚೆಲ್ಲಿದರೆ ಅದೂ ಹೋಯಿತು. ನಮ್ಮ ಬಸ್ಸಾರು ನನಗೆ ಇಷ್ಟ ಆಗುವುದು ಇದಕ್ಕೇ. ಸೊಪ್ಪು, ಕಾಳು ಬಸಿದ ಕಟ್ಟೇ ಸಾರಾಗುತ್ತದೆ, ನೀರಿಗಿಳಿದದ್ದು ಮತ್ತೆ ತಟ್ಟೆಗೆ ಬರುತ್ತದೆ. ಆದರೂ ದಿನಾ ಇಷ್ಟೇ ಸಿಕ್ಕಿತು ಅಂತ ಲೆಕ್ಕ ಹಿಡಿಯಲಾಗದು. ಮಾತ್ರೆಯಲ್ಲಿರುವುದು ಮೈಗೆ ಹೆಚ್ಚು ಚೆನ್ನಾಗಿ ಹತ್ತುತ್ತದೆ ಕೂಡ.

ಅತ್ತೆಯವರ ಮನಸ್ಸಿನಲ್ಲಿರುವುದು ಬಹುಶಃ ಕಬ್ಬಿಣಾಂಶದ ಮಾತ್ರೆ. ಅದರಿಂದ ಹೊಟ್ಟೆ ಉರಿ, ಮಲಬದ್ಧತೆ ಆಗುವುದುಂಟು. ಬರೀ ಫೋಲಿಕ್ ಆಸಿಡ್‌ಗೆ ಆ ಕಾಟ ಇಲ್ಲ. ಇದನ್ನು ಅವರಿಗೂ ಓದಿ ಹೇಳಿ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನನ್ನ ಮೊದಲ ಮಗುವಿಗೆ ಬೆನ್ನುಹುರಿ ಕೂಡಿರಲಿಲ್ಲ, ಉಳಿಯಲಿಲ್ಲ. ನನಗೂ ಇಷ್ಟೇ ಸಾಕಾ?

ಉತ್ತರ: ಸಾಲದಮ್ಮ. ಮೊದಲು ಒಂದು ಮಾತು. ನಿಮ್ಮ ತಪ್ಪಿನಿಂದ ಹಾಗಾಯಿತು ಅಂತ ಯಾರಾದರೂ ಅಂದರೆ ನಂಬಬೇಡಿ.

ಹಿಂದೆ ಇಂಥ ಮಗು ಹೆತ್ತ ತಾಯಂದಿರಿಗೆ 4 ಮಿಲಿಗ್ರಾಂ, ಅಂದರೆ ಹತ್ತು ಪಟ್ಟು ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 1991ರಲ್ಲಿ ಬಂತು. ತೊಂದರೆ ಮರುಕಳಿಸುವುದು 72% ಕಡಿಮೆಯಾಗಿತ್ತು. ನಿಮಗೆ ಬೇಕಾದದ್ದು ಆ ದೊಡ್ಡ ಪ್ರಮಾಣ, ಡಾಕ್ಟರ ಚೀಟಿಯ ಮೇಲೆ. ನೀವು ಸಸ್ಯಾಹಾರಿಯಾದರೆ ಶುರು ಮಾಡುವ ಮೊದಲು ಬಿ12 ವಿಟಮಿನ್ ಎಷ್ಟಿದೆ ಅಂತ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಬಿ12 ಕೊರತೆಯ ರಕ್ತಹೀನತೆಯನ್ನು ಫೋಲಿಕ್ ಆಸಿಡ್ ಮುಚ್ಚಿಬಿಡುತ್ತದೆ, ನರದ ತೊಂದರೆ ಒಳಗೊಳಗೇ ಬೆಳೆಯಬಹುದು.