ಕೊಯ್ಲಿನ ದಿನಗಳ ಪೂಜೆ

ಪುಟ್ಟಿ, ನಿನ್ನ ಮೆಸೇಜ್ ಓದಿದೆ. ‘ಕಾಫಿ ಕೊಯ್ಲು ಶುರುವಾದ ಮೇಲೆ ಪೂಜೆಗೆ ಕೂತಿಲ್ಲ, ಯೋಗವೂ ಬಿಟ್ಟುಹೋಯಿತು, ದೇವರ ಕೋಣೆ ಮುಂದೆ ಹೋಗಲು ನಾಚಿಕೆ ದೊಡ್ಡಮ್ಮ’ ಅಂತ ಬರೆದಿದ್ದೀಯ. ಈಗಷ್ಟೇ ಕಣದ ಕಾಫಿ ಮುಚ್ಚಿ ಬಂದು ಕೂತೆ. ಸ್ವಲ್ಪ ಉದ್ದ ಆಗುತ್ತದೆ, ಕೇಳಿಸಿಕೋ.

ನಾಚಿಕೆ ಯಾಕೆ? ಗೀತೆಯ 9ನೇ ಅಧ್ಯಾಯದ 26ನೇ ಶ್ಲೋಕದಲ್ಲಿ ಕೃಷ್ಣ ಎಲೆ, ಹೂವು, ಹಣ್ಣು, ನೀರು ಕೊಟ್ಟರೂ ಸಾಕು ಅನ್ನುತ್ತಾನೆ. 27ನೆಯದರಲ್ಲಿ, ನೀನು ಏನು ಮಾಡಿದರೂ, ಏನು ತಿಂದರೂ ನನಗೆ ಒಪ್ಪಿಸು ಅನ್ನುತ್ತಾನೆ. ತಿನ್ನುವುದೂ ಸೇರಿದೆ ನೋಡು! ಇಡೀ ದಿನವನ್ನೇ ಕೇಳುತ್ತಿದ್ದಾನೆ.

ಆದರೆ ಕೆಲಸವೇ ಪೂಜೆ ಅಂತ ಸುಮ್ನೆ ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ದೇವರಿಗೆ ಹೂ ಬಿಡಿಸುವಾಗ ಹುಳ ತಿಂದದ್ದನ್ನು ಪಕ್ಕಕ್ಕೆ ಹಾಕುತ್ತೇವೆ, ಅಲ್ವಾ? ಕೆಲಸವೂ ಹಾಗೇ. ನಿನ್ನೆ ಗಿಡದ ಹತ್ತಿರ ನನ್ನ ಕೈಯನ್ನೇ ನೋಡಿಕೊಂಡೆ. ಒಂದೇ ಗೊಂಚಲಲ್ಲಿ ಕೆಂಪು ಹಣ್ಣು, ಪಕ್ಕದಲ್ಲೇ ಹಸಿರು ಕಾಯಿ. ಅವಸರದಲ್ಲಿ ಎಲ್ಲ ಎಳೆದರೆ ಚೀಲ ಬೇಗ ತುಂಬುತ್ತದೆ. ಹಣ್ಣನ್ನು ಮಾತ್ರ ಒಂದೊಂದಾಗಿ ಬಿಡಿಸಿದರೆ ಬೆರಳೆಲ್ಲ ಅಂಟು, ಸೊಂಟ ನೋವು. ಆದರೆ ಮನಸ್ಸು ಬೇರೆಲ್ಲೂ ಓಡುವುದಿಲ್ಲ. ನನಗೆ ಅದೇ ಜಪ.

12ನೇ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನ ಕಥೆ ಗೊತ್ತಲ್ಲ. ಉದುರಿದ ಅಕ್ಕಿ ಆಯುವುದೇ ಅವನ ಕಾಯಕ. ಒಂದು ದಿನ ಜಾಸ್ತಿ ತಂದದ್ದಕ್ಕೆ ಹೆಂಡತಿ ಲಕ್ಕಮ್ಮ ವಾಪಸ್ ಹಾಕಿ ಬರಲು ಕಳಿಸಿದಳಂತೆ. ಗಿಡದ ಬುಡದಲ್ಲಿ ಉದುರಿದ ಕಾಫಿ ಹೆಕ್ಕುವಾಗಲೆಲ್ಲ ನನಗೆ ಆ ತಾಯಿ ನೆನಪಾಗುತ್ತಾಳೆ.

ಕಷ್ಟ ಇರುವುದು ಫಲದ ಆಸೆ ಬಿಡುವುದರಲ್ಲಿ ಪುಟ್ಟಿ. ಹೋದ ವರ್ಷ ಕಣದಲ್ಲಿ ಹರವಿದ ಕಾಫಿ ಮೇಲೆ ರಾತ್ರಿ ಮಳೆ ಸುರಿಯಿತು. ಟಾರ್ಪಾಲ್ ಎಳೆಯುವಷ್ಟರಲ್ಲಿ ಅರ್ಧ ನೆನೆದಿತ್ತು. ದೇವರ ಮೇಲೆ ಸಿಟ್ಟಾಗಿ ಮೂರು ದಿನ ದೀಪ ಹಚ್ಚಲಿಲ್ಲ. ಆಮೇಲೆ ಹೊಳೆಯಿತು. ದಿನಾ ಕೃಷ್ಣಾರ್ಪಣ ಅನ್ನುತ್ತಿದ್ದೆ, ಆದರೆ ಕಾಫಿಯನ್ನು ಅವನಿಗೆ ಕೊಟ್ಟೇ ಇರಲಿಲ್ಲ. ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ. ಆ ದಿನ ಅತ್ತುಬಿಟ್ಟೆ. ಒದ್ದೆ ಕಾಫಿಯನ್ನು ಮತ್ತೆ ಹರವಿ, ಗಂಟೆಗೊಮ್ಮೆ ತಿರುವಿ ಒಣಗಿಸಿದೆ. ಆ ಕೆಲಸ ಮಾತ್ರ ನಿಜವಾಗಿ ಅವನಿಗೆ ಸೇರಿತು ಅನ್ನಿಸುತ್ತದೆ.

ಯೋಗವೂ ಇದೇ ದಾರಿ. ಯೋಗಸೂತ್ರ ಬರೆದ ಪತಂಜಲಿ ತಪಸ್ಸು, ಸ್ವಾಧ್ಯಾಯದ ಜೊತೆ ಈಶ್ವರ ಪ್ರಣಿಧಾನವನ್ನೂ ಸೇರಿಸಿ ಕ್ರಿಯಾಯೋಗ ಅಂದಿದ್ದಾರೆ. ಪ್ರಣಿಧಾನ ಅಂದರೆ, ಮಾಡಿದ್ದನ್ನು ದೇವರಿಗೆ ಒಪ್ಪಿಸಿಬಿಡುವುದು. 12 ಸೂರ್ಯನಮಸ್ಕಾರ ಆಗದಿದ್ದರೆ ಎರಡು ಮಾಡು. ಬೆನ್ನು ಹಿಡಿದುಕೊಂಡಿದ್ದರೆ ಬಗ್ಗಲೇಬೇಡ, ಐದು ನಿಮಿಷ ಕೂತು ಉಸಿರು ಗಮನಿಸು.

ನಾಳೆ ಬೆಳಿಗ್ಗೆ ತೋಟಕ್ಕೆ ಹೋಗುವ ಮುಂಚೆ ದೇವರ ಕೋಣೆ ಬಾಗಿಲು ತೆಗೆ. ಚೆನ್ನಾಗಿ ಹಣ್ಣಾದ ಕಾಫಿ ನಾಲ್ಕು ಇಟ್ಟು ಹೋಗು. ಭಾನುವಾರ ನಾನೇ ಬರುತ್ತೇನೆ, ಗೀತೆಯ ಆ ಅಧ್ಯಾಯವನ್ನು ಇಬ್ಬರೂ ಕೂತು ಓದೋಣ.